ಒಂಬತ್ತನೇ ಬುಟ್ಟಿಯ ಸರಪಳಿ

ಜರ್ಮನಿಗೆ ಹೋಗಿ ಬಂದವರು ಕೋಟೆಗಳ ಬಗ್ಗೆ ಬರೆಯುತ್ತಾರೆ, ಕೆಥೀಡ್ರಲ್‌ಗಳ ಬಗ್ಗೆ ಬರೆಯುತ್ತಾರೆ. ನಾನು ಅಲ್ಲಿ ಆರು ವಾರ ಇದ್ದು ಹೆಚ್ಚಾಗಿ ನೋಡಿದ್ದು ಕಬ್ಬಿಣದ ಬುಟ್ಟಿಗಳನ್ನು. ಮಂಗಳೂರಿಗೆ ಮರಳಿದ ಮೇಲೆ ನನ್ನ ಹಳೆಯ ಕಲೀಗ್‌ಗಳು ಟೀಗೆ ಕರೆದು ಫೋಟೋ ತೋರಿಸಿ ಎಂದರು. ಒಂದು ಕಂಬ, ಕಂಬದ ನಡುವಿನಲ್ಲಿ ಒಂದು ಬುಟ್ಟಿ, ಮೇಲಿನಿಂದ ಜೋತುಬಿದ್ದ ಸರಪಳಿಗಳು, ಹಿಂದೆ ಮಂಜು. ಹೀಗೆ ಹದಿನೈದು ಫೋಟೋ. ಅವರು ಒಂದೊಂದನ್ನೂ ಪೊಲೈಟ್ ಆಗಿ ನೋಡಿ, "ಚರ್ಚ್ ಯಾವುದೂ ಇಲ್ಲವಾ ಮಿಸ್?" ಎಂದು ಕೇಳಿದರು. ಇತ್ತು. ಆದರೆ ನನಗೆ ಹೇಳಬೇಕಾಗಿರುವುದು ಚರ್ಚಿನ ವಿಷಯವಲ್ಲ.

ನನ್ನ ತಂಗಿಯ ಮಗಳು ನಮಿತಾ ರೇಗನ್ಸ್‌ಬರ್ಗಿನಲ್ಲಿ ಚಿಪ್ ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರ್. ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಸಿಕ್ಕಿ ಹೋದವಳಿಗೆ ಆಗ ಅಲ್ಲಿ ಮೂರನೇ ವರ್ಷ. ಒಬ್ಬಳೇ ಇದ್ದಳು. ಫೋನಿನಲ್ಲಿ ಮದುವೆಯ ಮಾತು ಎತ್ತದ ಹಿರಿಯಳು ಮನೆತನದಲ್ಲಿ ನಾನೊಬ್ಬಳೇ ಆದ್ದರಿಂದ ನನ್ನನ್ನು ಕರೆಸಿಕೊಂಡಳು. ನಾನೂ ಮದುವೆಯಾದವಳಲ್ಲ. ಓದಿದ ಕಾನ್ವೆಂಟಿನಲ್ಲೇ ಮೂವತ್ತಾರು ವರ್ಷ ಗೇಮ್ಸ್ ಟೀಚರ್ ಆಗಿದ್ದು, ಈಗ ಎರಡು ಮಂಡಿಗಳೊಂದಿಗೆ ದಿನಾ ಜಗಳವಾಡುತ್ತ ಇರುವವಳು.

ಏರ್‌ಪೋರ್ಟಿನಿಂದ ಬರುವಾಗ ಕಾರಿನಲ್ಲೇ ಅವಳು ಹೇಳಿದಳು, "ದೊಡ್ಡಮ್ಮ, ನನಗೆ ಇಲ್ಲಿ ಒಂದು ಚಟ ಹಿಡಿದುಂಟು. ನೀವು ಅಮ್ಮನಿಗೆ ಹೇಳಬಾರದು."

"ಎಂಥದು? ಸಿಗರೇಟಾ?"

"ಅಲ್ಲ ಮಾರಾಯ್ರೇ. ತಟ್ಟೆ ಬಿಸಾಡುವುದು."

ಮೊದಲ ಶನಿವಾರ, ಊರ ಪಾರ್ಕಿನಲ್ಲಿ

ಡಿಸ್ಕ್ ಗಾಲ್ಫ್ ಅಂತ ಅದರ ಹೆಸರು. ಗಾಲ್ಫಿನ ಹಾಗೆಯೇ, ಆದರೆ ಚೆಂಡೂ ಕೋಲೂ ಇಲ್ಲ. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದಾದ ಪ್ಲಾಸ್ಟಿಕ್ ಡಿಸ್ಕನ್ನು ಎಸೆಯುತ್ತ, ಬಿದ್ದಲ್ಲಿಂದ ಮತ್ತೆ ಎಸೆಯುತ್ತ ಹೋಗಿ ಬುಟ್ಟಿಗೆ ಹಾಕಬೇಕು. ಸರಪಳಿಗೆ ಬಡಿದ ಡಿಸ್ಕ್ ಝಲ್ಲೆಂದು ಸದ್ದು ಮಾಡಿ ಬುಟ್ಟಿಯೊಳಗೆ ಬೀಳುತ್ತದೆ. ಎಷ್ಟು ಕಡಿಮೆ ಎಸೆತವೋ ಅಷ್ಟು ಹೆಚ್ಚು ಮರ್ಯಾದೆ. ಎಸೆಯಲು ನಿಲ್ಲುವ ಜಾಗಗಳಿಗೆ ಬಣ್ಣ ಉಂಟು. ಹೊಸಬರಿಗೆ ಹತ್ತಿರದ ಕೆಂಪು ಹಲಗೆ, ನಡುವಿನವರಿಗೆ ಬಿಳಿ, ಪಳಗಿದವರಿಗೆ ದೂರದ ನೀಲಿ. ಕೋರ್ಸುಗಳೂ ಹಾಗೆಯೇ: ಕಲಿಯುವವರಿಗೆ ಪಾರ್ಕು, ಕಲಿತವರಿಗೆ ನದಿ ಬದಿ, ಕಲಿತು ಮುಗಿಸಿದವರಿಗೆ ಕಾಡು.

ನವೆಂಬರ್ ತಿಂಗಳು. ಥರ್ಮಲ್ ಒಳಉಡುಪಿನ ಮೇಲೆ ಸೀರೆ, ಸೀರೆಯ ಮೇಲೆ ನಮಿತಾಳ ಜಾಕೆಟ್, ತಲೆಗೆ ಮಂಕಿ ಕ್ಯಾಪ್. ಬುಟ್ಟಿಯನ್ನು ಮೊದಲ ಸಲ ದೂರದಿಂದ ನೋಡಿದಾಗ, ಯಾರನ್ನೋ ಶಿಕ್ಷೆಗೆ ನಿಲ್ಲಿಸಿ ಮರೆತುಹೋದ ಹಾಗೆ ಕಂಡಿತು. ಪಾರ್ಕಿನಲ್ಲಿ ಒಬ್ಬ ಅಪ್ಪ ಇಬ್ಬರು ಮಕ್ಕಳೊಂದಿಗೆ ಆಡುತ್ತಿದ್ದ. ಕೂಗಿಲ್ಲ, ಚಪ್ಪಾಳೆಯಿಲ್ಲ, "ಮೋಸ" ಎಂಬ ಮಾತಿಲ್ಲ. ಆಟದ ಮೈದಾನದಲ್ಲಿ ಅಂಥ ಮೌನವನ್ನು ನಾನು ಎಕ್ಸಾಮ್ ಹಾಲಿನಲ್ಲೂ ಕಂಡಿರಲಿಲ್ಲ. ನಮ್ಮ ಮಕ್ಕಳು ಟೆನ್ನಿಕಾಯ್ಟ್ ಆಡುತ್ತಿದ್ದರೆ ಸಿಸ್ಟರ್‌ಗಳು ಚಾಪೆಲಿನ ಕಿಟಕಿ ಮುಚ್ಚಿಕೊಳ್ಳಬೇಕಾಗುತ್ತಿತ್ತು.

ಟೆನ್ನಿಕಾಯ್ಟ್ ಈಗಿನವರಿಗೆ ಗೊತ್ತೋ ಇಲ್ಲವೋ. ನೆಟ್ಟಿನ ಆಚೀಚೆ ರಬ್ಬರಿನ ರಿಂಗ್ ಎಸೆದು ಹಿಡಿಯುವ ಆಟ. ನಾನು ಯೂನಿವರ್ಸಿಟಿಗೆ ಆಡಿದವಳು. ಆ ಮಣಿಕಟ್ಟು ಇನ್ನೂ ನನ್ನದೇ ಎಂದು ಆ ದಿನ ತಿಳಿಯಿತು. ನಮಿತಾ ಹೇಳಿಕೊಟ್ಟ ಹಾಗೆ ಎಸೆಯದೆ, ನನಗೆ ಬರುವ ಹಾಗೆ ಸೊಂಟದ ಮಟ್ಟದಿಂದ ತಿರುಪಿ ಬಿಟ್ಟೆ. ಡಿಸ್ಕ್ ಅಲುಗದೆ, ನೀರಿನ ಮೇಲೆ ಹೋಗುವ ಹಾಗೆ ಹೋಯಿತು. ನಮಿತಾಳ ಬಾಯಿ ತೆರೆದುಕೊಂಡಿತು.

"ದೊಡ್ಡಮ್ಮ, ನನಗೆ ಅಷ್ಟು ನೇರ ಎಸೆಯಲಿಕ್ಕೆ ಒಂದು ವರ್ಷ ಹಿಡಿದಿತ್ತು."

ಆ ಜಂಬದಲ್ಲಿ ಮುಂದಿನದನ್ನು ಜೋರಾಗಿ ಎಸೆದೆ. ಅದು ಬುಟ್ಟಿಯನ್ನೂ ಪಾರ್ಕಿನ ಗೋಡೆಯನ್ನೂ ದಾಟಿತು. ಗೋಡೆಯ ಆಚೆ ಸಿಮೆಟರಿ.

ನಮ್ಮಲ್ಲಾದರೆ ಅಲ್ಲಿಗೆ ಹೋದ ಚೆಂಡು ಅಲ್ಲಿಗೇ. ನಮಿತಾ ಗೇಟು ದೂಡಿಕೊಂಡು ಒಳಗೆ ನಡೆದಳು, ನಾನು ಹಿಂದಿನಿಂದ. ಹಾಡುಹಗಲು ಹನ್ನೊಂದು ಗಂಟೆಗೆ ಪ್ರತಿ ಗೋರಿಯ ಮೇಲೂ ಕೆಂಪು ಗಾಜಿನೊಳಗೆ ದೀಪ ಉರಿಯುತ್ತಿತ್ತು. ನವೆಂಬರ್ ಸತ್ತವರ ತಿಂಗಳು ಎಂದು ನಮ್ಮ ಸಿಸ್ಟರ್‌ಗಳೂ ಹೇಳುತ್ತಿದ್ದರು. ಆದರೆ ಅದು ಪ್ರೇಯರ್ ಪುಸ್ತಕದೊಳಗಿನ ಮಾತಾಗಿತ್ತು. ಇಲ್ಲಿ ಹೆಂಗಸೊಬ್ಬಳು ಮಂಡಿಯೂರಿ ಕುಳಿತು ಕಲ್ಲಿನ ಅಕ್ಷರಗಳನ್ನು ಟೂತ್‌ಬ್ರಷ್‌ನಿಂದ ಉಜ್ಜುತ್ತಿದ್ದಳು. ನಮ್ಮ ಡಿಸ್ಕ್ ಅವಳ ಬಕೆಟಿನ ಪಕ್ಕದಲ್ಲಿ ಬಿದ್ದಿತ್ತು. ಅವಳು ತಲೆಯೆತ್ತದೆ ಅದನ್ನು ಹಿಂದಕ್ಕೆ ಚಾಚಿದಳು. ದಿನಾ ಬೀಳುತ್ತದೆ, ದಿನಾ ಕೊಡುತ್ತೇನೆ ಎನ್ನುವ ಹಾಗಿತ್ತು ಆ ಕೈ. ನಾನು ಥ್ಯಾಂಕ್ಸ್ ಹೇಳಿದೆ. ಅವಳು ಮುಂದಿನ ಅಕ್ಷರಕ್ಕೆ ಹೋದಳು.

ಇಂಗೋಲ್‌ಸ್ಟಾಟಿನ ಕಡೆ, ನದಿಯ ಬದಿ

ಮುಂದಿನ ವಾರ ನಮಿತಾಳ ಸ್ನೇಹಿತ ಪ್ರಶಾಂತ್ ನಮ್ಮನ್ನು ಕರೆದುಕೊಂಡು ಹೋದ. ಹುಬ್ಬಳ್ಳಿಯವನು, ಇಂಗೋಲ್‌ಸ್ಟಾಟಿನಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವವನು. ನಲವತ್ತರ ಹತ್ತಿರ, ಅರ್ಧ ಬೋಳು ತಲೆ, ಕಾರಿನ ಡಿಕ್ಕಿಯಲ್ಲಿ ಒಂದು ಕಡೆ ಡಿಸ್ಕಿನ ಬ್ಯಾಗು, ಇನ್ನೊಂದು ಕಡೆ ಊರಿನಿಂದ ಬಂದ ಶೇಂಗಾ ಚಟ್ನಿಪುಡಿ.

ಇದು ನಡುವಿನವರ ಕೋರ್ಸು. ಒಂದು ಬದಿ ನದಿ, ಇನ್ನೊಂದು ಬದಿ ಎಲೆ ಉದುರಿದ ಉದ್ದುದ್ದ ಮರಗಳು. ಮಂಜು ಎಷ್ಟಿತ್ತೆಂದರೆ ನಿಂತ ಜಾಗದಿಂದ ಬುಟ್ಟಿ ಕಾಣುತ್ತಿರಲಿಲ್ಲ. ಎಸೆದು ಕಿವಿಗೊಟ್ಟು ನಿಲ್ಲಬೇಕು. ಹುಲ್ಲಿನ ಮೇಲೆ ಬಿದ್ದರೆ ಒಂದು ಸದ್ದು, ಮರಕ್ಕೆ ತಗುಲಿದರೆ ಒಂದು ಸದ್ದು. ಹೊಲದ ಅಂಚಿನಲ್ಲಿ ಬೇಟೆಗಾರರು ಹತ್ತಿ ಕೂರುವ ಮರದ ಅಟ್ಟಣೆಗಳು ಕಾಲು ಚಾಚಿ ನಿಂತಿದ್ದವು. ಯಾರೂ ಕುಳಿತಿರಲಿಲ್ಲ, ಆದರೂ ಅವುಗಳಿಗೆ ಬೆನ್ನು ಮಾಡಲು ನನಗೆ ಮನಸ್ಸಾಗಲಿಲ್ಲ.

ಜೊಂಡಿನಲ್ಲಿ ನನಗೆ ಯಾರದೋ ಹಳದಿ ಡಿಸ್ಕ್ ಸಿಕ್ಕಿತು. ಹಿಂಬದಿಯಲ್ಲಿ ಹೆಸರು, ಫೋನ್ ನಂಬರು.

"ಎಲ್ಲಾರೂ ಬರದಿರ್ತಾರ್ರೀ ಆಂಟಿ," ಎಂದ ಪ್ರಶಾಂತ್. "ಸಿಕ್ಕಾಂವ ಫೋನ್ ಮಾಡಬೇಕು, ಇಲ್ಲಾ ಮೊದಲನೇ ಬುಟ್ಟಿ ಹತ್ತರ ಇಟ್ಟು ಹೋಗಬೇಕು. ಮನೀಗೆ ಒಯ್ದ್ರ ಅವನ ಸುದ್ದಿ ಊರ ತುಂಬಾ. ಸೈಕಲ್ ಕಳವು ಮಾಡಿದ್ರ ಮಾಫಿ ಐತಿ, ಇದಕ್ಕ ಇಲ್ಲ."

ಅವನಿಗೆ ಒಂದು ದುಃಖ ಇತ್ತು, ಅದನ್ನು ಎಲ್ಲರಿಗೂ ಹೇಳುತ್ತಿದ್ದ. ಹಿಂದಿನ ಬೇಸಿಗೆಯಲ್ಲಿ ಒಬ್ಬನೇ ಆಡುವಾಗ ಅವನ ಮೊದಲ ಎಸೆತವೇ ನೇರ ಬುಟ್ಟಿಗೆ ಬಿದ್ದಿತ್ತು. ಒಂದೇ ಎಸೆತ. ಅದಕ್ಕೆ ಏಸ್ ಅನ್ನುತ್ತಾರೆ. ಕೆಲವರಿಗೆ ಜೀವಮಾನದಲ್ಲಿ ಆಗುವುದಿಲ್ಲ.

"ಕ್ಲಬ್‌ನ್ಯಾಗ ಹೇಳಿದ್ನಿರಿ. ಯಾರು ನೋಡ್ಯಾರ ಅಂತ ಕೇಳಿದ್ರು. ಯಾರೂ ಇಲ್ಲ ಅಂದೆ. ಹಂಗಾರ ಆಗೇ ಇಲ್ಲ ಅಂದ್ರು. ಸಾಕ್ಷಿ ಬೇಕಂತ್ರೀ ಇವರಿಗೆ, ಮದವೀ ರಿಜಿಸ್ಟರ್ ಇದ್ದಂಗ."

"ಇವನು ಆ ಡಿಸ್ಕನ್ನು ಮನೆಯ ಗೋಡೆಗೆ ಫ್ರೇಮ್ ಹಾಕಿಸಿಟ್ಟಿದ್ದಾನೆ ದೊಡ್ಡಮ್ಮ," ಎಂದಳು ನಮಿತಾ. "ಗೋಡೆ ಸಾಕ್ಷಿ."

ನಾವು ನಗುತ್ತ ನಡೆದೆವು. ಆದರೆ ನನ್ನ ಗಮನ ಬೇರೆಡೆ ಇತ್ತು. ನಮ್ಮ ಮುಂದೆ ಯಾರೋ ಆಡುತ್ತ ಹೋಗುತ್ತಿದ್ದರು. ನಾವು ಒಂದು ಬುಟ್ಟಿ ಮುಗಿಸುವ ಹೊತ್ತಿಗೆ ಮುಂದಿನ ಬುಟ್ಟಿಯ ಸರಪಳಿ ಮಂಜಿನೊಳಗೆ ಝಲ್ಲೆನ್ನುವುದು. ಮಾತಿಲ್ಲ, ಹೆಜ್ಜೆಯ ಸದ್ದಿಲ್ಲ. ಹತ್ತು ಬುಟ್ಟಿಯವರೆಗೂ ಹಾಗೆಯೇ ನಡೆಯಿತು. ಕೊನೆಗೆ ಕಾರು ನಿಲ್ಲಿಸಿದ ಜಾಗಕ್ಕೆ ಬಂದರೆ ಅಲ್ಲಿ ನಮ್ಮದೊಂದೇ ಕಾರು. ಒದ್ದೆ ಮಣ್ಣಿನ ಮೇಲೆ ನಮ್ಮದೊಂದೇ ಚಕ್ರದ ಗುರುತು.

"ಸೈಕಲ್ ಮ್ಯಾಲೆ ಬಂದಿರ್ತಾರ್ರೀ ಆಂಟಿ," ಎಂದ ಪ್ರಶಾಂತ್. ಸೈಕಲ್ಲಿಗೂ ಚಕ್ರ ಇರುತ್ತದೆ ಎಂದು ನಾನು ಹೇಳಲಿಲ್ಲ.

ಕಾಡಿನ ಕೋರ್ಸು

ಮೂರನೆಯದು ಪಳಗಿದವರದು. ರೇಗನ್ಸ್‌ಬರ್ಗಿನಿಂದ ಅರ್ಧ ಗಂಟೆ, ಗುಡ್ಡದ ಮೇಲಿನ ಕಾಡಿನಲ್ಲಿ. ನಮಿತಾಳ ಕ್ಲಬ್ಬಿನ ಸ್ವಂತ ಕೋರ್ಸು ಇದೇ. ನನ್ನನ್ನು ಅಲ್ಲಿಗೆ ಕರೆದೊಯ್ಯಲು ಅವಳಿಗೆ ಸ್ವಲ್ಪ ಅಂಜಿಕೆ ಇತ್ತು. ಮಂಡಿ ನೋವು ಎಂದು ನೆಪ ಹೇಳಿದಳು. ನಾನೇ ಹಟ ಹಿಡಿದೆ. ಗುರುವಾರ ಅವಳಿಗೆ ರಜೆ. ಮಧ್ಯಾಹ್ನ ಎರಡಕ್ಕೆ ಹೋದೆವು. ನಮ್ಮನ್ನು ಬಿಟ್ಟರೆ ಒಂದು ನರಪಿಳ್ಳೆಯಿಲ್ಲ.

ನಮ್ಮಲ್ಲಿ ಎಂಥ ಒಂಟಿ ಜಾಗಕ್ಕೆ ಹೋದರೂ ಒಬ್ಬ ದನ ಮೇಯಿಸುತ್ತಿರುತ್ತಾನೆ, ಒಬ್ಬಳು ಸೌದೆ ಹೊರುತ್ತಿರುತ್ತಾಳೆ, ಎಲ್ಲಿಂದಲೋ ಒಂದು ರೇಡಿಯೋ ಕೇಳುತ್ತದೆ. ಅಲ್ಲಿ ಕಾಡನ್ನು ಯಾರೋ ಗುಡಿಸಿ, ಬಾಗಿಲು ಹಾಕಿಕೊಂಡು ಹೋದ ಹಾಗಿತ್ತು. ಸಾಲಾಗಿ ನೆಟ್ಟ ಮರಗಳು, ಎಲ್ಲ ಒಂದೇ ಎತ್ತರ. ನಾನು ಕೆಂಪು ಹಲಗೆಗಳಿಂದ ಎಸೆಯುತ್ತ, ಕೋಲೂರಿಕೊಂಡು ನಡೆದೆ. ಎಂಟನೇ ಬುಟ್ಟಿಯ ಹತ್ತಿರ ನಮಿತಾಳ ಡಿಸ್ಕ್ ಮುಳ್ಳುಪೊದೆಯೊಳಗೆ ಹೊಕ್ಕಿತು.

"ನೀವು ಮೆಲ್ಲ ಮುಂದೆ ಹೋಗಿ ಕೂತಿರಿ ದೊಡ್ಡಮ್ಮ. ಬೆಂಚ್ ಉಂಟು. ನಾನು ಇದನ್ನು ಹುಡುಕಿ ಬರ್ತೇನೆ."

ಒಂಬತ್ತನೆಯದು ಆ ಕೋರ್ಸಿನ ಕೊನೆಯ ಬುಟ್ಟಿ, ಇಳಿಜಾರಿನ ಕೆಳಗೆ. ಮೇಲೆ, ಎಸೆಯುವ ಜಾಗದಲ್ಲಿ, ಬೆಂಚಿನ ಪಕ್ಕದಲ್ಲಿ ಮುಚ್ಚಳವಿದ್ದ ಮರದ ಪೆಟ್ಟಿಗೆ, ಅದರ ಮೇಲೆ ಜರ್ಮನ್ನಿನಲ್ಲಿ ನಾಲ್ಕು ಸಾಲು ಬರಹ. ನಮ್ಮ ಕಾನ್ವೆಂಟಿನ ಗೇಮ್ಸ್ ರೂಮಿನಲ್ಲೂ ಇಂಥದೇ ಪೆಟ್ಟಿಗೆ ಇತ್ತು. ಪೆಟ್ಟಿಗೆಯಲ್ಲಿ ಇದ್ದದ್ದು ಎಲ್ಲರದೂ. ಆಡಿ, ಒರೆಸಿ, ವಾಪಸ್ ಇಡಬೇಕು. ಬೀಗವಿಲ್ಲದ ಪೆಟ್ಟಿಗೆಗೆ ಬೇರೆ ಅರ್ಥ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಮುಚ್ಚಳ ಎತ್ತಿದೆ. ಒಳಗೆ ಒಂದೇ ಒಂದು ಬಿಳಿ ಡಿಸ್ಕ್, ಅಂಚು ಸವೆದು ನುಣುಪಾದದ್ದು. ಹಿಂಬದಿಯಲ್ಲಿ ಮಾಸಿದ ಶಾಯಿಯಲ್ಲಿ ಹಾನೆ ಎಂಬ ಹೆಸರು. ಫೋನ್ ನಂಬರು ಇರಲಿಲ್ಲ.

ಕೈಗೆ ಎಷ್ಟು ಹಿತವಾಗಿತ್ತೆಂದರೆ ನನ್ನ ಹಳೆಯ ರಿಂಗಿನ ನೆನಪಾಯಿತು. ಕೆಂಪು ಹಲಗೆಯ ಮೇಲೆ ನಿಂತು ಮಣಿಕಟ್ಟು ತಿರುಪಿ ಬಿಟ್ಟೆ. ಅದು ಇಳಿಜಾರಿನ ಮೇಲೆ ತೇಲಿ, ಬುಟ್ಟಿಯ ಸುತ್ತ ನಿಂತಿದ್ದ ಮಂಜಿನೊಳಗೆ ಹೋಯಿತು. ಒಂದು ಉಸಿರಿನ ಹೊತ್ತು ಏನೂ ಇಲ್ಲ. ಆಮೇಲೆ ಸರಪಳಿ ಝಲ್ಲೆಂದಿತು. ಪೂರ್ತಿಯಾಗಿ, ನಡುವಿಗೆ ಬಡಿದ ಸದ್ದು.

ಎಪ್ಪತ್ತೊಂದರ ಪ್ರಾಯದಲ್ಲಿ ನನಗೆ ಏಸ್. ಕೋಲು ಊರುವುದನ್ನೂ ಮರೆತು ಇಳಿದು ಹೋದೆ. ಬುಟ್ಟಿ ಖಾಲಿ ಇತ್ತು.

ಬುಟ್ಟಿಯ ಕೆಳಗೆ ನೋಡಿದೆ. ಹಿಂದೆ ನೋಡಿದೆ. ಸುತ್ತ ಹತ್ತು ಮಾರು ಒಣಗಿದ ಎಲೆಯ ಸಮನಾದ ನೆಲ, ಒಂದು ಪೊದೆಯೂ ಇಲ್ಲ, ಬಿಳಿ ಬಣ್ಣದ್ದು ಏನೂ ಇಲ್ಲ. ಸರಪಳಿಗಳು ಇನ್ನೂ ಮೆಲ್ಲಗೆ ಅಲುಗುತ್ತಿದ್ದವು. ನಾನು ಕೈಯಿಟ್ಟು ನಿಲ್ಲಿಸಿದೆ. ಕಬ್ಬಿಣ ಐಸ್‌ನ ಹಾಗೆ ತಣ್ಣಗಿತ್ತು.

ನಮಿತಾ ಬಂದು, ತೆರೆದ ಪೆಟ್ಟಿಗೆಯನ್ನೂ ಕೆಳಗೆ ನಿಂತ ನನ್ನನ್ನೂ ನೋಡಿದಳು. ಅವಳ ಮುಖದ ಬಣ್ಣ ಹೋಯಿತು.

"ಡಿಸ್ಕ್ ಎಲ್ಲಿ ದೊಡ್ಡಮ್ಮ?"

"ಸರಪಳಿಗೆ ಬಡೀತು ಮಗಾ. ನಾನು ಕೇಳಿದೆ. ಆದರೆ ಇಲ್ಲಿ ಇಲ್ಲ."

ಕತ್ತಲಾಗುವವರೆಗೆ ಹುಡುಕಿದೆವು. ಅಲ್ಲಿ ನಾಲ್ಕೂವರೆಗೇ ಕತ್ತಲು. ಅವಳು ಮಂಡಿಯೂರಿ ಎಲೆಗಳನ್ನು ಕೈಯಿಂದ ಸರಿಸುತ್ತ, ಸರಿಸುತ್ತಲೇ ನನಗೆ ವಿಷಯ ಹೇಳಿದಳು.

ಹಾನೆ ಎಂಬವಳು ಹೆರ್ ವಿಂಕ್ಲರ್, ಅಂದರೆ ಮಿಸ್ಟರ್ ವಿಂಕ್ಲರ್, ಎಂಬ ಮುದುಕರ ಹೆಂಡತಿ. ಗಂಡ ಹೆಂಡತಿ ಸೇರಿ ಆ ಕಾಡಿನಲ್ಲಿ ಅಳತೆ ಹಾಕಿ, ಗುಂಡಿ ತೋಡಿ, ಒಂಬತ್ತು ಬುಟ್ಟಿಗಳನ್ನು ನಿಲ್ಲಿಸಿದವರು. ಹಾನೆಗೆ ಜೀವಮಾನದಲ್ಲಿ ಏಸ್ ಬೀಳಲಿಲ್ಲ. ಅವಳು ತೀರಿಹೋದ ಮೇಲೆ ಅವರು ಅವಳ ಡಿಸ್ಕನ್ನು ಆ ಪೆಟ್ಟಿಗೆಯಲ್ಲಿಟ್ಟರು. ಬಂದವರು ಯಾರೇ ಆಗಲಿ, ಕೊನೆಗೆ ಹಾನೆಗಾಗಿ ಒಂದು ಸಲ ಎಸೆಯಬೇಕು, ಹೆಕ್ಕಿ ತಂದು ಒರೆಸಿ ಇಡಬೇಕು. ಒಂದೇ ಎಸೆತದಲ್ಲಿ ಬುಟ್ಟಿಗೆ ಬಿದ್ದ ದಿನ ಅದನ್ನು ಅವಳ ಗೋರಿಯಲ್ಲಿ ಹೂಳುವುದು, ಪೆಟ್ಟಿಗೆಯನ್ನು ಅಲ್ಲಿಂದ ತೆಗೆದುಹಾಕುವುದು, ಅಲ್ಲಿಗೆ ಎಸೆತ ಮುಗಿಯಿತು. ಮೂರು ವರ್ಷದಿಂದ ಬಿದ್ದಿರಲಿಲ್ಲ.

"ಈ ಭಾನುವಾರ ಹಾನೆ ತೀರಿಹೋದ ದಿನ," ಎಂದಳು ನಮಿತಾ. "ಇಡೀ ಕ್ಲಬ್ ಬರ್ತದೆ. ಒಬ್ಬೊಬ್ಬರಾಗಿ ಎಸೀತಾರೆ."

ಅಡುಗೆಮನೆಯಲ್ಲಿ

ಆ ದಿನ ನಾವಿಬ್ಬರೂ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಅವಳು ಕಾಡಿಗೆ ಹೋಗಿ ಮತ್ತೆ ಹುಡುಕಿ ಬಂದಳು. ಶೂಗಳಲ್ಲಿ ಕೆಸರು, ಕೈ ಖಾಲಿ.

"ಹೇಳುವುದು ಬೇಡ ದೊಡ್ಡಮ್ಮ. ಯಾರೂ ನೋಡಲಿಲ್ಲ. ಯಾರೋ ಕದ್ದರು ಅಂತ ಆಗ್ತದೆ, ಅಷ್ಟೇ."

"ಆಗ ಅವರು ಯಾರನ್ನು ಡೌಟ್ ಮಾಡುವುದು? ಇಡೀ ಊರನ್ನಾ?"

"ಮಾಡಲಿ. ನನ್ನನ್ನು ಒಬ್ಬಳನ್ನು ಮಾಡುವುದಕ್ಕಿಂತ ಅದು ವಾಸಿ." ಅವಳು ಕಾಫಿ ಲೋಟ ತಿರುಗಿಸಿದಳು. "ನಿಮಗೆ ಇಲ್ಲಿಯ ಭಾನುವಾರ ಗೊತ್ತಿಲ್ಲ. ಅಂಗಡಿ ಬಂದ್, ಜನ ಬಂದ್. ಮೊದಲನೇ ವರ್ಷ ಭಾನುವಾರ ನಾನು ಬಾಯಿ ಬಿಟ್ಟು ಮಾತಾಡ್ತಾ ಇದ್ದದ್ದು ಬಸ್ ಡ್ರೈವರ್ ಹತ್ತಿರ ಮಾತ್ರ, ಅದೂ ಎರಡು ಶಬ್ದ. ಒಂದು ದಿನ ಆ ಕಾಡಿನ ಹತ್ತಿರ ದಾರಿ ತಪ್ಪಿ ನಿಂತಿದ್ದೆ. ಹೆರ್ ವಿಂಕ್ಲರ್ ಕರೆದು ಒಂದು ಡಿಸ್ಕ್ ಕೈಗೆ ಕೊಟ್ರು. ಎಲ್ಲಿಂದ ಬಂದದ್ದು, ಎಷ್ಟು ದಿನ ಇರ್ತೀ, ಒಂದೂ ಕೇಳಲಿಲ್ಲ. ಈಗ ನನಗೆ ಜ್ವರ ಬಂದರೆ ಸೂಪ್ ತರುವವರು ಅವರೇ. ಈ ಊರಲ್ಲಿ ನನಗೆ ಇರುವುದು ಆ ಹತ್ತು ಜನ. ಅವರ ಎದುರು ನಿಂತು, ನಿಮ್ಮ ಹೆಂಡತಿಯ ಡಿಸ್ಕ್ ನಮ್ಮ ದೊಡ್ಡಮ್ಮ ಕಳೆದುಹಾಕಿದ್ರು ಅಂತ ಹೇಗೆ ಹೇಳಲಿ?"

ಕಾನ್ವೆಂಟಿನಲ್ಲಿ ಬೆಳೆದವರಿಗೆ ತಪ್ಪು ಒಪ್ಪಿಕೊಳ್ಳುವುದು ಸುಲಭ ಎಂದು ಜನ ತಿಳಿದಿದ್ದಾರೆ. ಸುಲಭವಲ್ಲ, ಅಭ್ಯಾಸ ಅಷ್ಟೇ. ಅದಲ್ಲದೆ ತಪ್ಪು ನನ್ನದು, ಬೆಲೆ ತೆರಬೇಕಾದವಳು ಅವಳು. ಇನ್ನು ನಾಲ್ಕು ವಾರಕ್ಕೆ ನಾನು ವಿಮಾನ ಹತ್ತುವವಳು.

"ಅವರಿಗೆ ಇಂಗ್ಲಿಷ್ ಬರ್ತದಾ?"

"ನಾಲ್ಕು ಶಬ್ದ."

"ನಾನು ನಾಲ್ಕು ಶಬ್ದದಲ್ಲೇ ಹೇಳ್ತೇನೆ. ನೀನು ಬಸ್ ನಂಬರ್ ಹೇಳು, ಸಾಕು."

ಅವಳು ಲೋಟ ಕೆಳಗಿಟ್ಟಳು. "ನಿಮ್ಮನ್ನು ಒಬ್ಬರೇ ಆ ಕಾಡಿಗೆ ಕಳಿಸಿದರೆ ಅಮ್ಮ ನನ್ನನ್ನು ಬಿಡ್ತಾರಾ?" ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಮತ್ತೆ ಕಾಡು

ಶನಿವಾರ ಮಧ್ಯಾಹ್ನ. ಮಂಜು ಗುರುವಾರಕ್ಕಿಂತ ದಟ್ಟವಾಗಿತ್ತು, ಮರಗಳ ನಡುವೆ ಅಲುಗದೆ ನಿಂತಿತ್ತು. ದೂರದಿಂದಲೇ ಪೊರಕೆಯ ಸದ್ದು ಕೇಳಿತು. ಎತ್ತರದ, ತೆಳ್ಳಗಿನ ಮುದುಕರೊಬ್ಬರು ಒಂಬತ್ತನೆಯ ಬುಟ್ಟಿಯ ನೀಲಿ ಹಲಗೆಯ ಮೇಲೆ ಬಿದ್ದ ಎಲೆಗಳನ್ನು ಗುಡಿಸುತ್ತಿದ್ದರು, ಮರುದಿನದ ತಯಾರಿ. ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಅವರಿಗೆ ಆಗಲೇ ತಿಳಿದಿತ್ತು.

ನಮಿತಾ ನನ್ನನ್ನು ಪರಿಚಯಿಸಿದಳು. ಹೆರ್ ವಿಂಕ್ಲರ್ ಕೈಗವಸು ತೆಗೆದು ನನ್ನ ಕೈ ಕುಲುಕಿದರು. ನಾನು ನೇರವಾಗಿ ಅವರನ್ನೇ ನೋಡುತ್ತ ಕನ್ನಡದಲ್ಲೇ ಹೇಳಿದೆ. ನಾನು ಓದಲು ಬಾರದೆ ಪೆಟ್ಟಿಗೆ ತೆರೆದೆ, ಎಸೆದೆ, ಸರಪಳಿ ಸದ್ದಾಯಿತು, ಹೋಗಿ ನೋಡಿದರೆ ಏನೂ ಇರಲಿಲ್ಲ, ತಪ್ಪು ನನ್ನದು, ಈ ಹುಡುಗಿ ಆಗ ಇಲ್ಲಿ ಇರಲೇ ಇಲ್ಲ. ನಮಿತಾ ಜರ್ಮನ್ನಿನಲ್ಲಿ ಹೇಳಿದಳು. ನನ್ನ ಮಾತಿಗಿಂತ ಅವಳದು ಗಿಡ್ಡವಾಗಿತ್ತು.

ಅವರು ತಲೆಯಾಡಿಸಿದರು. ಕಾಡಿನ ಕಡೆ ನೋಡಿದರು. ಏನೋ ಹೇಳಿದರು.

"ಪರವಾಗಿಲ್ಲ, ವಸ್ತು ಅಂದ ಮೇಲೆ ಕಳೆದುಹೋಗ್ತದೆ ಅಂತಿದ್ದಾರೆ," ಎಂದಳು ನಮಿತಾ. ಅವಳ ಕಣ್ಣಲ್ಲಿ ನೀರಿತ್ತು. "ಸಾಕು ದೊಡ್ಡಮ್ಮ, ಹೋಗುವ."

"ಸರಪಳಿಯ ವಿಷಯ ಹೇಳಿದೆಯಾ?"

ಅವಳು ಜೇಬಿನಿಂದ ಕೀ ಗೊಂಚಲು ತೆಗೆದಳು.

"ನಮಿತಾ."

"ಅದು ಬೇಡ. ಅವರಿಗೆ ಸುಮ್ಮನೆ ಆಸೆ ಹುಟ್ಟಿಸಿದ ಹಾಗೆ ಆಗ್ತದೆ. ಇಲ್ಲದಿದ್ದರೆ ನಿಮಗೆ ತಲೆ ಸರಿ ಇಲ್ಲ ಅಂತ ಆಗ್ತದೆ."

ಅರ್ಧ ಹೇಳಿದ ತಪ್ಪು ನನಗೆ ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳು. ಅವಳ ಕೈಯಲ್ಲಿದ್ದ ಕೀ ಗೊಂಚಲನ್ನು ತೆಗೆದುಕೊಂಡೆ. ಮೊದಲು ಕೈಯಿಂದ ಎಸೆಯುವ ಹಾಗೆ ತೋರಿಸಿದೆ, ಆಮೇಲೆ ಗೊಂಚಲನ್ನು ಒಮ್ಮೆ ಜೋರಾಗಿ ಅಲುಗಿಸಿದೆ. ಆಮೇಲೆ ಕೆಳಗಿನ ಬುಟ್ಟಿಯನ್ನು ತೋರಿಸಿ, ನನ್ನ ಎರಡೂ ಅಂಗೈಗಳನ್ನು ಬಿಚ್ಚಿ ಖಾಲಿ ಎಂದೆ.

ಹೆರ್ ವಿಂಕ್ಲರ್ ಪೊರಕೆಯನ್ನು ಮರಕ್ಕೆ ಒರಗಿಸಿದರು. ಅದು ಜಾರಿ ಬಿತ್ತು. ಅವರು ಹೆಕ್ಕಲಿಲ್ಲ. ಡಿಸ್ಕ್ ಕಳೆದುಹೋಯಿತು ಎಂದಾಗ ಇಲ್ಲದ ಭಯ ಈಗ ಆ ಮುಖದಲ್ಲಿತ್ತು. ವರ್ಷಾನುಗಟ್ಟಲೆ ಮಕ್ಕಳ ಮುಖ ನೋಡಿದವಳು ನಾನು. ಭಯ ಯಾವುದು, ದುಃಖ ಯಾವುದು ಎಂದು ನನಗೆ ಗೊತ್ತಾಗುತ್ತದೆ.

ಅವರು ನಮಿತಾಳನ್ನು ಒಂದೊಂದಾಗಿ ಕೇಳಿದರು, ಅವಳು ನನಗೆ ಹೇಳಿದಳು.

"ಡಿಸ್ಕ್ ಬುಟ್ಟಿಯ ಒಳಗೆ ನಿಂತದ್ದನ್ನು ನೋಡಿದ್ರಾ?"

"ಇಲ್ಲ."

ಅವರು ಒಂದು ಬೆರಳು ಮಡಚಿದರು. ಒಳಗೆ ನಿಲ್ಲದಿದ್ದರೆ ಲೆಕ್ಕಕ್ಕಿಲ್ಲ.

"ಯಾವ ಹಲಗೆಯಿಂದ ಎಸೆದದ್ದು?"

"ಕೆಂಪು."

ಇನ್ನೊಂದು ಬೆರಳು. ಹಾನೆ ಯಾವತ್ತೂ ನೀಲಿಯಿಂದಲೇ ಎಸೆಯುತ್ತಿದ್ದಳು. ಕೆಂಪಿನಿಂದ ಬಿದ್ದರೆ ಅದು ಅವಳದಲ್ಲ.

"ನಿಮ್ಮನ್ನು ಬಿಟ್ಟು ಬೇರೆ ಯಾರು ಕೇಳಿದ್ದಾರೆ?"

"ಯಾರೂ ಇಲ್ಲ."

ಮೂರನೆಯ ಬೆರಳು. ಸಾಕ್ಷಿಯಿಲ್ಲ. ಒಂದೇ ಕಾರಣ ಸಾಕಾಗುತ್ತಿತ್ತು. ಅವರು ಇನ್ನೂ ಹುಡುಕುತ್ತಿದ್ದರು: ಮಂಜಿದ್ದ ದಿನ, ಕ್ಲಬ್ಬಿನ ಮೆಂಬರ್ ಅಲ್ಲದವರು, ಕೋಲು ಹಿಡಿದು ನಡೆಯುವವರು. ಹೇಳುತ್ತ ಹೇಳುತ್ತ ಅವರ ಧ್ವನಿ ಹಗುರವಾಯಿತು. ಕೊನೆಗೆ ತಮ್ಮ ಬ್ಯಾಗಿಗೆ ಕೈ ಹಾಕಿ ಇನ್ನೊಂದು ಬಿಳಿ ಡಿಸ್ಕ್ ತೆಗೆದರು. ಅದರ ಹಿಂಬದಿಯಲ್ಲೂ ಹಾನೆ ಎಂದು ಬರೆದಿತ್ತು. ಶಾಯಿ ಹೊಸದಲ್ಲ. ಬ್ಯಾಗಿನ ಒಳಗೆ ಅಂಥವು ಇನ್ನೂ ಕೆಲವು ಇದ್ದವು, ಒಂದರ ಮೇಲೊಂದು.

"ಹಿಂದೆಯೂ ಹೀಗೆ ಕಳೆದುಹೋಗಿತ್ತಂತೆ, ಒಂದೂ ಏಸ್ ಅಲ್ಲ ಅಂತಿದ್ದಾರೆ," ಎಂದಳು ನಮಿತಾ ಮೆಲ್ಲಗೆ. "ನಾಳೆ ಎಲ್ಲರೂ ಬರ್ತಾರಂತೆ. ನೀವೂ ಬರಬೇಕಂತೆ. ನಾನು ಕೇಕ್ ತರಬೇಕಂತೆ, ಹೋದ ವರ್ಷದ ಹಾಗೆಯೇ." ಅವಳು ಮೂಗೊರೆಸಿಕೊಂಡಳು. ಎರಡು ದಿನದ ಮೇಲೆ ಅವಳ ಭುಜಗಳು ಕೆಳಗಿಳಿದದ್ದನ್ನು ಕಂಡೆ.

ಆದರೆ ಮುದುಕರ ಕೆಲಸ ಮುಗಿದಿರಲಿಲ್ಲ. ಅವರು ಡಿಸ್ಕನ್ನು ನನ್ನ ಕೈಗಿತ್ತು ನೀಲಿ ಹಲಗೆಯನ್ನು ತೋರಿಸಿದರು. ರೂಲ್ಸಿನ ಪ್ರಕಾರ ಸರಿಯಾಗಿ ಎಸೆಯಬೇಕು, ಇಬ್ಬರು ಸಾಕ್ಷಿಗಳ ಎದುರು. ನನಗೆ ಹಕ್ಕಿದೆಯಂತೆ. ನ್ಯಾಯ ಎಂದರೆ ನ್ಯಾಯ.

ನೀಲಿ ಹಲಗೆಯಿಂದ ಬುಟ್ಟಿ ದೂರ, ಆದರೆ ಇಳಿಜಾರು. ಮಂಜು ಒಮ್ಮೆ ತೆಳುವಾಗಿ, ಕಂಬವೂ ಸರಪಳಿಗಳೂ ಸ್ಪಷ್ಟವಾಗಿ ಕಂಡವು. ಡಿಸ್ಕ್ ಬೆರಳುಗಳಿಗೆ ಒಗ್ಗಿ ಕುಳಿತಿತ್ತು. ಇದು ಹೋಗುತ್ತದೆ ಎಂದು ನನಗೆ ಗೊತ್ತಾಯಿತು. ಆಡಿದವರಿಗೆ ಬಿಡುವ ಮೊದಲೇ ಗೊತ್ತಾಗುತ್ತದೆ. ಹೆರ್ ವಿಂಕ್ಲರ್ ನನ್ನ ಪಕ್ಕದಲ್ಲಿ ಟೋಪಿ ತೆಗೆದು ನಿಂತಿದ್ದರು. ಅವರ ಉಸಿರು ಕೇಳುತ್ತಿತ್ತು. ಬುಟ್ಟಿಯನ್ನು ನೋಡದೆ ನನ್ನ ಕೈಯನ್ನೇ ನೋಡುತ್ತಿದ್ದರು. ನಾಳೆಗೆ ಗುಡಿಸಿದ ಹಲಗೆ, ನಾಡಿದ್ದು ಮತ್ತೆ ಬೀಳುವ ಎಲೆ, ಯಾರಾದರೂ ಬಂದು ಎಸೆದು ತಪ್ಪಿಸಿ ಒರೆಸಿಡುವ ಒಂದು ಡಿಸ್ಕ್. ಅವರಿಗೆ ಇದ್ದದ್ದು ಅಷ್ಟೇ, ಏಸ್ ಬಿದ್ದರೆ ಅದೂ ಮುಗಿಯಿತು.

ಮೂವತ್ತಾರು ವರ್ಷ ಗುರಿಯಿಟ್ಟು ಎಸೆಯಿರಿ ಎಂದು ಹೇಳಿಕೊಟ್ಟ ನಾನು ಬಿಡುವ ಗಳಿಗೆಯಲ್ಲಿ ಹೆಬ್ಬೆರಳನ್ನು ಒಂದಿಷ್ಟು ಹೊರಳಿಸಿದೆ. ಡಿಸ್ಕ್ ಎಡಕ್ಕೆ ವಾಲಿ, ಬುಟ್ಟಿಯಿಂದ ಬಹಳ ದೂರ, ಒಣಗಿದ ಜರೀಗಿಡಗಳೊಳಗೆ ಬಿತ್ತು. ಮೂವರೂ ಅದು ಬೀಳುವುದನ್ನು ಕಂಡೆವು.

"ಶಾಡೆ," ಎಂದರು ಹೆರ್ ವಿಂಕ್ಲರ್. ಅಯ್ಯೋ ಪಾಪ ಎನ್ನುವುದಕ್ಕೆ ಅವರ ಮಾತು ಅದು. ಹಾಗೆ ಹೇಳುತ್ತ ನನ್ನ ಭುಜ ತಟ್ಟಿ, ಹುಡುಗನ ಹಾಗೆ ದಾಪುಗಾಲು ಹಾಕುತ್ತ ಇಳಿದು ಹೋದರು. ಜರೀಗಿಡಗಳಿಂದ ಡಿಸ್ಕ್ ಹೆಕ್ಕಿ, ಅಂಗಿಯ ತುದಿಯಿಂದ ಒರೆಸುತ್ತ ಹತ್ತಿ ಬಂದರು. ನಾವು ಮೂವರೂ ಪೆಟ್ಟಿಗೆಯ ಕಡೆ ತಿರುಗಿದೆವು. ಅವರು ಅದನ್ನು ಒಳಗಿಡಲು ಬಗ್ಗಿದರು.

ಬೆನ್ನ ಹಿಂದೆ, ಕೆಳಗೆ, ಸರಪಳಿ ಝಲ್ಲೆಂದಿತು.

ಡಿಸ್ಕ್ ಅವರ ಕೈಯಲ್ಲೇ ಇತ್ತು. ನಮಿತಾ ತಿರುಗಲು ಹೊರಟಳು. ನಾನು ಅವಳ ತೋಳು ಹಿಡಿದು ನಿಲ್ಲಿಸಿದೆ. ಹೆರ್ ವಿಂಕ್ಲರ್ ಬಗ್ಗಿದವರು ಹಾಗೆಯೇ ಇದ್ದರು, ತಲೆಯೆತ್ತಲಿಲ್ಲ. ಸರಪಳಿ ತೂಗುವುದು ನಿಲ್ಲುವವರೆಗೂ ಕೇಳಿಸುತ್ತಲೇ ಇತ್ತು. ಆಮೇಲೆ ಅವರು ಡಿಸ್ಕನ್ನು ಮೆಲ್ಲಗೆ ಒಳಗಿಟ್ಟು, ಮುಚ್ಚಳ ಹಾಕಿ, ಅದರ ಮೇಲೆ ಕೈಯಿಟ್ಟುಕೊಂಡು ನನ್ನ ಮುಖ ನೋಡಿದರು.

"ವಿಂಡ್," ಎಂದರು, ಅವರಿಗೆ ಬರುವ ನಾಲ್ಕು ಇಂಗ್ಲಿಷ್ ಶಬ್ದಗಳಲ್ಲಿ ಒಂದನ್ನು ಆರಿಸಿ.

ಒಂದು ಎಲೆಯೂ ಅಲುಗುತ್ತಿರಲಿಲ್ಲ. ಮಂಜು ಗೋಡೆಯ ಹಾಗೆ ನಿಂತಿತ್ತು.

"ಯೆಸ್," ಎಂದೆ. "ವೆರಿ ವಿಂಡಿ."